ಏಳು ರಾಜೀನಾಮೆ ಪತ್ರಗಳು: ಹಾಸನದ ಒಂದು ಮಕ್ಕಳ ಐಸಿಯು ಪ್ರಕರಣ

ಹಾಸನದ ಒಂದು ಖಾಸಗಿ ಆಸ್ಪತ್ರೆ. ಅಲ್ಲಿ 8 ಹಾಸಿಗೆಯ ಮಕ್ಕಳ ಐಸಿಯು. ಹಾಜರಿ ಪುಸ್ತಕದಲ್ಲಿ 13 ಜನ ನರ್ಸ್‌ಗಳ ಹೆಸರು. ಒಂದೇ ವರ್ಷದಲ್ಲಿ ಅವರಲ್ಲಿ 7 ಜನ ಕೆಲಸ ಬಿಟ್ಟರು. ಒಬ್ಬರು ಹೋದಾಗ ಇನ್ನೊಬ್ಬರನ್ನು ತಗೊಂಡರು. ಹಾಗಾಗಿ ಆಫೀಸಿನ ಲೆಕ್ಕದಲ್ಲಿ 13 ಯಾವತ್ತೂ 13 ಆಗಿಯೇ ಇತ್ತು. ಆದರೆ ವೆಂಟಿಲೇಟರ್ ಮೇಲಿರುವ ಮಗುವನ್ನು ಧೈರ್ಯವಾಗಿ ಒಬ್ಬರೇ ನೋಡಿಕೊಳ್ಳಬಲ್ಲವರು ವರ್ಷದ ಕೊನೆಗೆ 4 ಜನ ಮಾತ್ರ ಆ ಘಟಕದಲ್ಲಿ ಉಳಿದಿದ್ದರು. ಅವರಲ್ಲೂ ಇಬ್ಬರು ಬೇರೆ ಕೆಲಸ ಹುಡುಕುತ್ತಿದ್ದರು.

ನಾನು ನರ್ಸಿಂಗ್ ಕಾಲೇಜಿನಲ್ಲಿ ಮಕ್ಕಳ ಶುಶ್ರೂಷೆ ಪಾಠ ಮಾಡುವವಳು. ಆ ಘಟಕದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಕೆಲಸ ಮಾಡಿದ್ದಾರೆ. ಆಸ್ಪತ್ರೆಯವರೇ ಕರೆದು, ಯಾಕೆ ಹೀಗೆ ಬಿಟ್ಟು ಹೋಗುತ್ತಿದ್ದಾರೆ, ಸ್ವಲ್ಪ ನೋಡಿ ಹೇಳಿ ಎಂದರು. ಡ್ಯೂಟಿ ಪುಸ್ತಕ ಕೊಟ್ಟರು, ರಾಜೀನಾಮೆ ಪತ್ರಗಳನ್ನು ಕೊಟ್ಟರು, ಬಿಟ್ಟು ಹೋದವರ ಜೊತೆ ಮಾತಾಡುವುದಕ್ಕೂ ಅಡ್ಡಿ ಮಾಡಲಿಲ್ಲ. ಅಷ್ಟು ಮಾಡುವ ಆಸ್ಪತ್ರೆಗಳು ಜಾಸ್ತಿ ಇಲ್ಲ. ಅದಕ್ಕೆ ಅವರನ್ನು ಮೆಚ್ಚಬೇಕು. ಆಸ್ಪತ್ರೆಯ ಹೆಸರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಈ ಘಟಕ ಊರಿಗೆ ಯಾಕೆ ಮುಖ್ಯ ಎಂದು ಮೊದಲು ಹೇಳಬೇಕು. ಸಕಲೇಶಪುರದ ತೋಟಗಳಿಂದ, ಆಲೂರು, ಬೇಲೂರು, ಅರಕಲಗೂಡು, ಹೊಳೆನರಸೀಪುರ, ಅರಸೀಕೆರೆ ಕಡೆಯಿಂದ ಸೀರಿಯಸ್ ಆದ ಮಕ್ಕಳು ಹಾಸನಕ್ಕೇ ಬರುತ್ತಾರೆ. ಇಲ್ಲಿಂದ ಬೆಂಗಳೂರು ಸುಮಾರು 180 ಕಿ.ಮೀ. ಮಂಗಳೂರು ಕಡೆ ಹೋಗಬೇಕಾದರೆ ಶಿರಾಡಿ ಘಾಟಿ ಇಳಿಯಬೇಕು. ಜೋರು ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ನಮಗೆಲ್ಲ ಗೊತ್ತಿರುವ ವಿಷಯವೇ. ಶಾಕ್‌ಗೆ ಹೋದ, ಅಂದರೆ ಮೈಯಲ್ಲಿ ರಕ್ತದ ಓಟವೇ ಕುಸಿದ ಮಗುವಿನ ಕೈಯಲ್ಲಿ ಅಷ್ಟು ಹೊತ್ತು ಇರುವುದಿಲ್ಲ. ಹಾಸನದಲ್ಲಿ ಮಕ್ಕಳ ಐಸಿಯು ಹಾಸಿಗೆ ಇದ್ದರೆ, ಅದರ ಪಕ್ಕದಲ್ಲಿ ಕೆಲಸ ಗೊತ್ತಿರುವ ನರ್ಸ್ ಇದ್ದರೆ, ಮಗು ಉಳಿಯುವ ದಾರಿ ಇದೆ.

ಮಳೆ ಶುರುವಾದ ಮೇಲೆ ಡೆಂಗ್ಯೂ. 2024ರಲ್ಲಿ ರಾಜ್ಯದಲ್ಲಿ ಡೆಂಗ್ಯೂ ಎಷ್ಟು ಹಬ್ಬಿತು ಅಂದರೆ, ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಬೇಕಾಯಿತು. ಚಳಿಗಾಲದಲ್ಲಿ ಉಸಿರಾಟದ ತೊಂದರೆಯ ಹಸುಗೂಸುಗಳು. ವರ್ಷವಿಡೀ ಬರುವವು ಬೇರೆ ಇವೆ: ನಿಲ್ಲದ ಫಿಟ್ಸ್, ಹಾವು ಕಡಿತ, ಜ್ಯೂಸ್ ಬಾಟಲಿಯಲ್ಲಿ ಸುರಿದಿಟ್ಟ ಗದ್ದೆ ಔಷಧಿಯನ್ನು ಗೊತ್ತಿಲ್ಲದೆ ಕುಡಿದ ಮಗು.

ಒಂದು ರಾತ್ರಿಯ ಕೆಲಸ

ಈ ಕೆಲಸ ಹೊರಗಿನವರಿಗೆ ಸರಿಯಾಗಿ ಗೊತ್ತಿಲ್ಲ. ಆಡಳಿತದವರಿಗೂ ಪೂರ್ತಿ ಗೊತ್ತಿರಲಿಲ್ಲ. ಅರಕಲಗೂಡು ಕಡೆಯ ಒಬ್ಬ ಸಿಸ್ಟರ್ ಹೇಳಿದ ಒಂದು ರಾತ್ರಿಯನ್ನು ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಅವತ್ತು ಅವರ ಪಾಲಿಗೆ ಮೂರು ಮಕ್ಕಳು. ಮೊದಲನೆಯದು ಡೆಂಗ್ಯೂ ಶಾಕ್‌ನಲ್ಲಿದ್ದ 14 ಕೆಜಿ ಮಗು. ಡೆಂಗ್ಯೂನಲ್ಲಿ ಜ್ವರ ಇಳಿದಾಗಲೇ ಎಷ್ಟೋ ಸಲ ಅಪಾಯ ಶುರುವಾಗುತ್ತದೆ. ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ, ಒಂದೆರಡು ದಿನ ಸೋರುತ್ತಲೇ ಇರುತ್ತದೆ. ಡ್ರಿಪ್ ಕಡಿಮೆಯಾದರೆ ಮಗು ಮತ್ತೆ ಶಾಕ್‌ಗೆ ಹೋಗುತ್ತದೆ. ಜಾಸ್ತಿಯಾದರೆ ಅದೇ ನೀರು ಎದೆಯಲ್ಲಿ, ಹೊಟ್ಟೆಯಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಹಾಗಾಗಿ ಗಂಟೆಗೊಮ್ಮೆಯಾದರೂ ಬಿಪಿ ನೋಡಬೇಕು, ಶಾಕ್ ಇರುವ ಹೊತ್ತಿನಲ್ಲಿ ಇನ್ನೂ ಬೇಗ ಬೇಗ. ಮೇಲಿನ ಅಂಕಿ, ಕೆಳಗಿನ ಅಂಕಿ ಎರಡರ ನಡುವಿನ ಅಂತರ 20ಕ್ಕೆ ಇಳಿಯಿತು ಅಂದರೆ ತಕ್ಷಣ ಡಾಕ್ಟರನ್ನು ಕರೆಯಬೇಕು. ಪಾದ ಮುಟ್ಟಿ ನೋಡಬೇಕು, ತಣ್ಣಗಿದೆಯಾ ಅಂತ. ಉಗುರು ಒತ್ತಿ ಬಿಟ್ಟು, ಕೆಂಪು ಬಣ್ಣ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಬೇಕು. ಮೂತ್ರದ ಚೀಲದಲ್ಲಿ ಎಷ್ಟು ಮಿ.ಲೀ. ಬಂತು ಎಂದು ಬಗ್ಗಿ ನೋಡಿ ಬರೆಯಬೇಕು. 14 ಕೆಜಿ ಮಗುವಿಗೆ 50 ಮಿ.ಲೀ. ಹೆಚ್ಚುಕಡಿಮೆ ಅನ್ನುವುದು ಸಣ್ಣ ವಿಷಯ ಅಲ್ಲ.

ಎರಡನೆಯದು ವೆಂಟಿಲೇಟರ್ ಮೇಲಿದ್ದ ಕೆಲವೇ ತಿಂಗಳ ಕೂಸು. ಅಷ್ಟು ಚಿಕ್ಕ ಕೂಸಿನ ಗಂಟಲಿನ ಟ್ಯೂಬ್ ಒಂದು ಸೆಂಟಿಮೀಟರ್ ಸರಿದರೂ ಸಾಕು, ಗಾಳಿ ಒಂದೇ ಕಡೆಯ ಶ್ವಾಸಕೋಶಕ್ಕೆ ಹೋಗಬಹುದು, ಇಲ್ಲ ಟ್ಯೂಬೇ ಆಚೆ ಬರಬಹುದು. ಕಫ ಕಟ್ಟಿದ ಕೂಡಲೇ ಸಕ್ಷನ್ ಮಾಡಬೇಕು, ಅಂದರೆ ಸಣ್ಣ ಪೈಪಿನಿಂದ ಕಫ ಎಳೆದು ತೆಗೆಯಬೇಕು. ಅದಕ್ಕೆ ಇಬ್ಬರು ಇದ್ದರೆ ಒಳ್ಳೆಯದು. ಒಬ್ಬರು ಟ್ಯೂಬ್ ಹಿಡಿಯಲು, ಒಬ್ಬರು ಸಕ್ಷನ್ ಮಾಡಲು.

ಮೂರನೆಯದು ಕೀಟನಾಶಕ ಕುಡಿದ ಮಗು, ಆ ವಿಷಕ್ಕೆ ಕೊಡುವ ಔಷಧಿ ಅಟ್ರೊಪಿನ್‌ನ ಡ್ರಿಪ್ ಮೇಲೆ. ಅಟ್ರೊಪಿನ್ ಕಡಿಮೆಯಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ನೊರೆ ಬಂದು, ಎದೆಯಲ್ಲಿ ನೀರು ತುಂಬಿ, ನಾಡಿ ನಿಧಾನವಾಗುತ್ತದೆ. ಜಾಸ್ತಿಯಾದರೆ ಮೈ ಸುಡುತ್ತದೆ, ಬಾಯಿ ಒಣಗುತ್ತದೆ, ಮಗು ಬಡಬಡಿಸುತ್ತಾ ಎದ್ದೆದ್ದು ಬರುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾನಿಟರ್ ಹೇಳುವುದಿಲ್ಲ. ಟಾರ್ಚ್ ಹಿಡಿದು ಕಣ್ಣು ನೋಡಬೇಕು, ಸ್ಟೆತ್ ಇಟ್ಟು ಎದೆ ಕೇಳಬೇಕು, ಕಂಕುಳು ಮುಟ್ಟಿ ಬೆವರು ಇದೆಯಾ ನೋಡಬೇಕು. ಮತ್ತೆ ಮತ್ತೆ.

ರಾತ್ರಿ 2 ಗಂಟೆ ಹೊತ್ತಿಗೆ ಮೂರೂ ಹಾಸಿಗೆಯಲ್ಲಿ ಒಟ್ಟಿಗೆ ಕೆಲಸ ಬಂತು. ಕೂಸಿನ ವೆಂಟಿಲೇಟರ್ ಕೂಗಿತು. ಅದೇ ಹೊತ್ತಿಗೆ ಡೆಂಗ್ಯೂ ಮಗುವಿನ ರೀಡಿಂಗ್ ಸಮಯ. ವಿಷ ಕುಡಿದ ಮಗು ಡ್ರಿಪ್ ಕಿತ್ತುಕೊಳ್ಳುತ್ತಿತ್ತು. ಸಿಸ್ಟರ್ ಕೂಸಿನ ಹತ್ತಿರ ಓಡಿದರು. ಅದು ಸರಿಯಾದ ತೀರ್ಮಾನ. ಯಾರಾದರೂ ಅದನ್ನೇ ಮಾಡುತ್ತಿದ್ದರು. ಡೆಂಗ್ಯೂ ಮಗುವಿನ ಬಿಪಿ 40 ನಿಮಿಷ ತಡವಾಯಿತು. ಮಗುವಿಗೆ ಏನೂ ಆಗಲಿಲ್ಲ, ಗುಣವಾಗಿ ಮನೆಗೂ ಹೋಯಿತು.

"ಮಗು ಚೆನ್ನಾಗಿದೆ ಮೇಡಂ. ಆದ್ರೆ ಆ 40 ನಿಮಿಷ ನನ್ನ ತಲೆಯಿಂದ ಹೋಗ್ತಿಲ್ಲ" ಎಂದು ಆಕೆ ಹೇಳಿದಾಗ ನನಗೆ ಈ ಇಡೀ ಪ್ರಕರಣದ ತಿರುಳು ಸಿಕ್ಕಿತು. ಆಕೆಗೆ ಏನು ಮಾಡಬೇಕು ಅನ್ನುವುದು ಗೊತ್ತಿತ್ತು. ಮಾಡುವ ಕೈ ಚಳಕವೂ ಇತ್ತು. ಮಾಡಲು ಆಗದ ಹಾಗೆ ಇದ್ದದ್ದು ಡ್ಯೂಟಿ ಹಂಚಿಕೆ. ಇಂಥ ಸಂಕಟದ ಬಗ್ಗೆ 1984ರಲ್ಲೇ ಆಂಡ್ರ್ಯೂ ಜೇಮ್ಟನ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ನರ್ಸಿಂಗ್ ನೀತಿಯ ಕುರಿತು ಬರೆಯುತ್ತಾ ಹೇಳಿದ್ದರು. ಸರಿ ಯಾವುದೆಂದು ಗೊತ್ತಿದ್ದೂ, ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದೆ ಇರುವಾಗ ಆಗುವ ನೈತಿಕ ಯಾತನೆ ಅದು. ಕೆಲಸದ ಸುಸ್ತು ಬೇರೆ, ಇದು ಬೇರೆ. ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ.

ಪತ್ರದಲ್ಲಿ ಇದ್ದದ್ದು, ಮಾತಲ್ಲಿ ಬಂದದ್ದು

ಏಳು ರಾಜೀನಾಮೆ ಪತ್ರಗಳಲ್ಲೂ ಹೆಚ್ಚುಕಮ್ಮಿ ಒಂದೇ ಸಾಲು: ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ. ಬಿಡುವಾಗ ಎಚ್‌ಆರ್‌ನವರು ಬಾಯಲ್ಲಿ ಕೇಳಿದ್ದಕ್ಕೂ ಉತ್ತರಗಳು ಅವೇ. ಮದುವೆ, ಊರು ದೂರ, ಮನೆಯಲ್ಲಿ ಬೇಡ ಅಂತಾರೆ, ಸಂಬಳ ಸಾಲದು. ಆಡಳಿತ ಇದನ್ನೇ ನಂಬಿತ್ತು. ಹೆಣ್ಣುಮಕ್ಕಳು, ಮದುವೆಯಾಗಿ ಹೋಗುತ್ತಾರೆ, ನಾವೇನು ಮಾಡೋಕಾಗುತ್ತೆ ಎಂಬ ಧೋರಣೆ.

ಬಿಡುವ ನರ್ಸ್ ನಿಜ ಹೇಳುವುದು ಕಷ್ಟ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಬೇಕು. ಈ ಆಸ್ಪತ್ರೆಯಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳೂ ಆಫೀಸಿನ ಬೀರುವಿನಲ್ಲೇ ಇರುತ್ತಿದ್ದವು. ಹೋಗುವ ದಿನ ಅವು ಕೈಗೆ ಬರಬೇಕಾದರೆ ಯಾರ ಮನಸ್ಸನ್ನೂ ನೋಯಿಸುವ ಹಾಗಿಲ್ಲ. ಮದುವೆ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ಅವರು ಹೇಳಿದ ಕಾರಣಕ್ಕಿಂತ, ಬಿಟ್ಟು ಎಲ್ಲಿಗೆ ಹೋದರು ಎಂದು ನೋಡುವುದೇ ಸರಿ ಅನ್ನಿಸಿತು. ಒಬ್ಬರು ಇದೇ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಸೇರಿದ್ದಾರೆ, ಅದೇ ಸಂಬಳಕ್ಕೆ. ಒಬ್ಬರು ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ಗೆ ಹೋಗಿದ್ದಾರೆ, ಸ್ವಲ್ಪ ಕಡಿಮೆ ಸಂಬಳಕ್ಕೆ. ಒಬ್ಬರು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್, ಅಲ್ಲೂ ಕಡಿಮೆಯೇ. ಒಬ್ಬರಿಗೆ ಊರಿನ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ಗಲ್ಫ್‌ಗೆ ಹೋದರು. ಮದುವೆ ಎಂದು ಬರೆದವರು ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದು ನಿಜ. ಆದರೆ ಕೆಲಸ ಬಿಡು ಎಂದು ಗಂಡನ ಮನೆಯವರು ಹೇಳಿರಲಿಲ್ಲ. ನಾಳೆ ಡ್ಯೂಟಿ ಹಗಲೋ ರಾತ್ರಿಯೋ ಎಂದು ಮುಂಚೆ ಗೊತ್ತಾಗದೆ ದಿನಾ ಬಸ್ಸಿನಲ್ಲಿ ಓಡಾಡುವುದು ಆಗಲಿಲ್ಲ, ಅಷ್ಟೇ.

ಏಳನೆಯವರ ಕಥೆ ಎಲ್ಲಕ್ಕಿಂತ ಮುಖ್ಯ. ಅವರು ಹೋಗಿದ್ದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ, ಮತ್ತೆ ಮಕ್ಕಳ ಐಸಿಯುಗೇ. ಅಲ್ಲಿ ಬರುವ ಮಕ್ಕಳು ಇಲ್ಲಿಗಿಂತ ಸೀರಿಯಸ್. ಸಂಬಳ ಜಾಸ್ತಿ, ಆದರೆ ಪಿಜಿ ಬಾಡಿಗೆಗೆ, ಊಟಕ್ಕೆ ಅದು ಹೋಗುತ್ತದೆ. ಕೈಗೆ ಉಳಿಯುವುದು ಹಾಸನದಷ್ಟೇ. "ಇಲ್ಲಿ ವೆಂಟಿಲೇಟರ್ ಮಗು ಕೊಟ್ರೆ ಅದೊಂದೇ ಮಗು ಮೇಡಂ. ಮನೆಗೆ ಹೋಗಿ ನಿದ್ದೆ ಬರುತ್ತೆ" ಎಂದರು.

ಕೆಲಸ ಕಷ್ಟ ಎಂದು ಬಿಟ್ಟಿದ್ದರೆ ಆಕೆ ಇನ್ನೂ ಕಷ್ಟದ ಕಡೆಗೆ ಯಾಕೆ ಹೋಗುತ್ತಿದ್ದರು? ಮಕ್ಕಳ ಐಸಿಯು ನರ್ಸ್‌ಗಳು ಸಾವು ನೋಡಿ ನೋಡಿ ಸೋತು ಬಿಡುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ಸಾವು ಭಾರವೇ, ಅದರ ಮಾತು ಮುಂದೆ ಬರುತ್ತದೆ. ಆದರೆ ಈ ಘಟಕದಲ್ಲಿ ನಾನು ಕಂಡ ಹಾಗೆ, ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಚೆನ್ನಾಗಿ ಮಾಡಲು ಬಿಡದೇ ಇದ್ದದ್ದೇ ಅವರನ್ನು ಆಚೆ ಕಳಿಸಿತು.

ಡ್ಯೂಟಿ ಪುಸ್ತಕ

ಇನ್‌ಚಾರ್ಜ್ ಸಿಸ್ಟರ್ ಡ್ಯೂಟಿ ಲಿಸ್ಟನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಬದಲಾಗುತ್ತಲೇ ಇರುತ್ತಲ್ಲ, ಅದಕ್ಕೆ. ಮಳೆಗಾಲದ ತಿಂಗಳುಗಳ ಹಾಳೆಗಳಲ್ಲಿ ನೈಟ್ ಡ್ಯೂಟಿಯ ಸಾಲಿನ ಮೇಲೆ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಒಂದೆರಡು ಕಡೆ ತೂತೇ ಬಿದ್ದಿತ್ತು.

ಲೆಕ್ಕ ಹೀಗಿದೆ. ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 8. ಪಾಳಿಗೆ ಮೂವರಂತೆ ದಿನಕ್ಕೆ 9 ಜನ ಬೇಕು. ಉಳಿದ 4 ಜನ ವಾರದ ಆಫ್‌ಗೆ, ನೈಟ್ ಮುಗಿಸಿದವರ ಆಫ್‌ಗೆ, ರಜೆಗೆ. ಕಾಗದದ ಮೇಲೆ ಸರಿಯಾಗಿ ಕಾಣುತ್ತದೆ. ಆದರೆ 13ರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿದ್ದರು. ಇನ್ನೊಬ್ಬರನ್ನು ಹಸುಗೂಸುಗಳ ಐಸಿಯುಗೆ ತಾತ್ಕಾಲಿಕ ಎಂದು ಕಳಿಸಿ ಅಲ್ಲೇ ಉಳಿಸಿಕೊಂಡಿದ್ದರು. ಉಳಿದದ್ದು 11. ಕ್ಯಾಷುವಾಲಿಟಿಯಲ್ಲಿ ಜನ ಕಡಿಮೆ ಬಿದ್ದಾಗೆಲ್ಲ ಇಲ್ಲಿಂದಲೇ ಒಬ್ಬರನ್ನು ಎಳೆಯುತ್ತಿದ್ದರು. ಹೀಗಾಗಿ ರಾತ್ರಿ 6–7 ಮಕ್ಕಳಿಗೆ ಇಬ್ಬರು ನರ್ಸ್, ಅವರಲ್ಲಿ ಒಬ್ಬರು ಹೊಸಬರು. ಇದು ಅಪರೂಪಕ್ಕೆ ಆದದ್ದಲ್ಲ. ಆ ವರ್ಷ ಮಳೆಗಾಲದಲ್ಲಿ ಅದೇ ರೂಢಿಯಾಗಿತ್ತು.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಐಸಿಯುನಲ್ಲಿ ಪ್ರತಿ ಪಾಳಿಗೆ ಹಾಸಿಗೆಗೊಬ್ಬರು ನರ್ಸ್ ಇರಬೇಕು, ಜೊತೆಗೆ ರಜೆ ತುಂಬಲು ಶೇ 30ರಷ್ಟು ಹೆಚ್ಚುವರಿ ಜನ ಬೇಕು ಎನ್ನುತ್ತದೆ. ಆ ಪ್ರಕಾರ 8 ಹಾಸಿಗೆಗೆ 24, ಹೆಚ್ಚುವರಿ ಸೇರಿದರೆ ಸುಮಾರು 31 ಜನ. ನಮ್ಮ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ ಅಷ್ಟು ಆಗಲಿಕ್ಕಿಲ್ಲ, ಬಿಡಿ. ಇಬ್ಬರು ಮಕ್ಕಳಿಗೆ ಒಬ್ಬರು ಎಂದು ಹಿಡಿದರೂ 16 ಬೇಕಾಗುತ್ತಿತ್ತು. 13 ಅನ್ನುವುದು ಯಾವ ಲೆಕ್ಕದಿಂದ ಬಂತು ಎಂದು ಕೇಳಿದೆ. ಘಟಕ ಶುರುವಾದಾಗ 5 ಹಾಸಿಗೆ ಇತ್ತಂತೆ. ಹಾಸಿಗೆ 8 ಆಯಿತು, ಜನ ಮಾತ್ರ ಅಷ್ಟೇ ಉಳಿದರು.

ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ, ಗಟ್ಟಿ ಲೆಕ್ಕವೊಂದಿದೆ. 2002ರಲ್ಲಿ ಲಿಂಡಾ ಏಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿದರು. ಅದು ಆಪರೇಷನ್ ಆದ ದೊಡ್ಡವರ ಲೆಕ್ಕ, ಮಕ್ಕಳದ್ದಲ್ಲ. ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು, ನರ್ಸ್ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು ಹೆಚ್ಚಾಗಿತ್ತು. ರೋಗಿಯ ಕ್ಷೇಮ, ನರ್ಸ್‌ನ ಕ್ಷೇಮ ಎಂದು ನಾವು ಎರಡು ಬೇರೆ ಬೇರೆ ಫೈಲ್ ಇಟ್ಟುಕೊಳ್ಳುತ್ತೇವೆ. ಎರಡೂ ಒಂದೇ ಕಾರಣದಿಂದ ಕೆಡುತ್ತವೆ.

ಬರ್ನ್‌ಔಟ್ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಮೂರು ಲಕ್ಷಣ ನೋಡುತ್ತಾರೆ. ಮನಸ್ಸು ಬರಿದಾಗುವುದು, ರೋಗಿಯನ್ನು ಮನುಷ್ಯ ಎಂದು ಕಾಣುವುದು ನಿಲ್ಲುವುದು, ನಾನು ಮಾಡುವುದರಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ನಿಭಾಯಿಸಲಾಗದೆ ಉಳಿದ ಒತ್ತಡದಿಂದ ಬರುವ ಸ್ಥಿತಿ ಎಂದು ವಿವರಿಸಿತು. ಈ ವಿವರಣೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕೆಲಸದ ಜಾಗದಿಂದ ಬಂದದ್ದಕ್ಕೆ ಮದ್ದೂ ಕೆಲಸದ ಜಾಗದಲ್ಲೇ ಆಗಬೇಕು.

ಎರಡನೇ ಲಕ್ಷಣವನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಪಾಳಿ ಬದಲಾಗುವಾಗ ಮುಂದಿನವರಿಗೆ ಮಕ್ಕಳನ್ನು ಒಪ್ಪಿಸುವ ಹ್ಯಾಂಡೋವರ್ ಹೊತ್ತಿನಲ್ಲಿ ಮಕ್ಕಳ ಹೆಸರೇ ಬರುತ್ತಿರಲಿಲ್ಲ. ನಂಬರ್ 3, ನಂಬರ್ 6, ಅಷ್ಟೇ. ಅದೇ ಸಿಸ್ಟರ್ ಎರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿಗಳಿಗೆ, ಮಗುವನ್ನು ಮನೆಯಲ್ಲಿ ಏನಂತ ಕರೀತಾರೆ ಅಂತ ಅಮ್ಮನ್ನ ಕೇಳಿ ಬರ್ಕೊಳ್ಳಿ, ಎಂದು ಹೇಳಿಕೊಡುತ್ತಿದ್ದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಹೊಸಬರ ಸುಳಿ

ಒಬ್ಬ ಅನುಭವಿ ಹೋದಾಗ ಆಗುವ ನಷ್ಟ ಒಂದು ತಲೆಯದ್ದಲ್ಲ. ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಂದ ಹುಡುಗಿ ಬುದ್ಧಿವಂತೆಯೇ ಇರುತ್ತಾಳೆ. ಆದರೆ ಮಕ್ಕಳ ಐಸಿಯುನಲ್ಲಿ ಪ್ರತಿ ಔಷಧಿಯೂ ತೂಕದ ಲೆಕ್ಕ. 4 ಕೆಜಿ ಕೂಸಿಗೂ 40 ಕೆಜಿ ಹುಡುಗನಿಗೂ ಒಂದೇ ಆಂಪೂಲ್ ಒಡೆಯಬೇಕು. ದಶಮಾಂಶದ ಪಾಯಿಂಟ್ ಒಂದು ಮನೆ ಆಚೆ ಹೋದರೆ ಡೋಸ್ ಹತ್ತು ಪಟ್ಟು. ಅದಕ್ಕೇ ಔಷಧಿಯನ್ನು ನಿಧಾನವಾಗಿ ಒಳಗೆ ಬಿಡುವ ಸಿರಿಂಜ್ ಪಂಪ್ ಹಚ್ಚುವ ಮುಂಚೆ ಇಬ್ಬರು ನೋಡಬೇಕು ಎಂಬ ನಿಯಮ. ರಾತ್ರಿ ಇರುವ ಇಬ್ಬರಲ್ಲಿ ಒಬ್ಬರು ಹೊಸಬರಾದರೆ ಆ ನಿಯಮಕ್ಕೆ ಏನು ಅರ್ಥ? ಹಳಬರು ತಮ್ಮ ಮೂರು ಮಕ್ಕಳ ಜೊತೆಗೆ ಹೊಸಬರ ಮೂರು ಮಕ್ಕಳ ಮೇಲೂ ಕಣ್ಣಿಡಬೇಕು. ಹಾಗಾಗಿ ಹಳಬರು ಬೇಗ ದಣಿಯುತ್ತಾರೆ, ಬಿಡುತ್ತಾರೆ. ಆ ಜಾಗಕ್ಕೆ ಇನ್ನೊಬ್ಬ ಹೊಸಬಳು. ಉಳಿದ ಹಳಬರಿಗೆ ಇನ್ನೂ ಭಾರ.

ಈ ಆಸ್ಪತ್ರೆಯಲ್ಲಿ ಹೊಸಬರಿಗೆ ಹೇಳಿಕೊಡಲು ಇದ್ದ ಅವಧಿ ಒಂದು ವಾರ. ಎಂಟನೇ ದಿನ ಹೆಸರು ಲಿಸ್ಟಿನಲ್ಲಿ. ಹೊಸಬರಲ್ಲಿ ಇಬ್ಬರು ತಿಂಗಳೊಳಗೇ ಹೋದರು. ಅವರು ಆ 7ರ ಲೆಕ್ಕದಲ್ಲಿ ಸೇರಿಯೂ ಇಲ್ಲ.

ಸಾವು ಮತ್ತು ಅದರ ನಂತರದ ಅರ್ಧ ಗಂಟೆ

ಮಗು ತೀರಿಕೊಂಡಾಗ ಟ್ಯೂಬ್ ತೆಗೆಯುವುದು, ಮೈ ಒರೆಸುವುದು, ಪ್ಲಾಸ್ಟರ್ ಗುರುತು ಅಳಿಸುವುದು, ಬಟ್ಟೆ ಸುತ್ತಿ ತಾಯಿಯ ಕೈಗೆ ಕೊಡುವುದು ನರ್ಸ್ ಕೆಲಸ. ಆಮೇಲೆ ಹಾಸಿಗೆ ತೊಳೆಸಬೇಕು, ಮಾನಿಟರ್ ಒರೆಸಬೇಕು, ಕೆಳಗೆ ಕ್ಯಾಷುವಾಲಿಟಿಯಿಂದ ಫೋನ್ ಬಂದಿರುತ್ತದೆ. ಅರ್ಧ ಗಂಟೆಯಲ್ಲಿ ಅದೇ ಹಾಸಿಗೆಗೆ ಇನ್ನೊಂದು ಮಗು. ಹೊರಗೆ ಕಾರಿಡಾರ್‌ನಲ್ಲಿ ಸಂಬಂಧಿಕರ ಕೂಗಾಟ. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2009ರಿಂದ ಕಾಯ್ದೆ ಇದೆ, ನರ್ಸ್‌ಗಳಿಗೂ ಅದು ಅನ್ವಯಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಬಾಗಿಲ ಹತ್ತಿರ ನಿಂತು ಬೈಗುಳ ಕೇಳಿಸಿಕೊಳ್ಳುವುದು ನರ್ಸ್‌ಗಳೇ.

ನಾನು ಮಾತಾಡಿದವರಲ್ಲಿ ಯಾರೂ ಸಾವನ್ನೇ ಕಾರಣ ಎಂದು ಹೇಳಲಿಲ್ಲ. ಆದರೆ ಸಾವಿನ ನಂತರ ಯಾರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದು ಎಲ್ಲರೂ ಹೇಳಿದರು. ಬೇಲೂರು ಕಡೆಯ ಸಿಸ್ಟರ್ ಒಬ್ಬರು ತಾವು ನಾಲ್ಕು ದಿನ ನೋಡಿಕೊಂಡ ಮಗು ತೀರಿಕೊಂಡ ವಿಷಯವನ್ನು ಆಫ್ ಮುಗಿಸಿ ಬಂದಾಗ ಖಾಲಿ ಹಾಸಿಗೆ ನೋಡಿ ತಿಳಿದುಕೊಂಡರು. ಒಂದು ಫೋನ್ ಮಾಡಬಹುದಿತ್ತು, ಅಲ್ವಾ?

ಸಂಬಳದ ಮಾತು

ಸಂಬಳ ಕಾರಣವೇ ಅಲ್ಲ ಎಂದು ನಾನು ಹೇಳುತ್ತಿಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲೆ ಕೇಂದ್ರ ಸರ್ಕಾರದ ಸಮಿತಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳಕ್ಕೆ ಶಿಫಾರಸು ಮಾಡಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು. 200 ದಾಟಿದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮ. ಅದು ಶಿಫಾರಸು ಮಾತ್ರ. ಈ ಆಸ್ಪತ್ರೆಯಲ್ಲಿ ಹೊಸಬರಿಗೆ ಆ 20,000ವೂ ಇರಲಿಲ್ಲ. ಐದು ವರ್ಷ ಅನುಭವದವರಿಗೂ ಹೊಸಬರಿಗೂ ಇದ್ದ ವ್ಯತ್ಯಾಸ ನಾಚಿಕೆ ಪಡುವಷ್ಟು ಸಣ್ಣದು. ಗಲ್ಫ್‌ಗೆ ಹೋದ ಬ್ರದರ್ ಮೇಲೆ ತಂಗಿಯ ಮದುವೆಯ ಸಾಲ ಇತ್ತು. ಅವರನ್ನು ಯಾವ ಡ್ಯೂಟಿ ಲಿಸ್ಟೂ ನಿಲ್ಲಿಸುತ್ತಿರಲಿಲ್ಲ.

ಏನು ಮಾಡಿದರು

ಮೊದಲು ಆಡಳಿತ ಮಾಡಿದ್ದು ಬಾಂಡ್. ಎರಡು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ದುಡ್ಡು ಕಟ್ಟಬೇಕು. ಅದರಿಂದ ಆದದ್ದು ಇಷ್ಟೇ: ಸೇರಲು ಬರುವವರೇ ಕಡಿಮೆಯಾದರು. ಮೇ 12ರ ನರ್ಸ್‌ಗಳ ದಿನ ಕೇಕ್ ಕತ್ತರಿಸಿ, ಒತ್ತಡ ನಿಭಾಯಿಸುವುದು ಹೇಗೆ ಎಂದು ಭಾಷಣ ಇಟ್ಟರು. ನೈಟ್ ಮುಗಿಸಿದವರನ್ನೂ ಅದಕ್ಕೆ ಕೂರಿಸಿದರು. ಉದ್ದೇಶ ಕೆಟ್ಟದ್ದಲ್ಲ. ಆದರೆ ಮೂರು ಮಕ್ಕಳ ಭಾರ ಹೊತ್ತವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ, ತಪ್ಪು ನಿನ್ನ ಮನಸ್ಸಿನದ್ದೇ ಎಂದು ಹೇಳಿದ ಹಾಗಾಗುತ್ತದೆ.

ನನ್ನ ವರದಿ ಓದಿದ ಮೇಲೆ ಕೆಲವು ಬದಲಾವಣೆ ಮಾಡಿದರು. ಸುಲಭದ್ದು ಮೊದಲು ಆಯಿತು. ಡ್ಯೂಟಿ ಲಿಸ್ಟ್ 15 ದಿನ ಮುಂಚೆ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸುವುದು. ಬದಲಿಸಬೇಕಾದರೆ ಆ ನರ್ಸ್ ಒಪ್ಪಬೇಕು. ಹಾಸನಾಂಬ ದರ್ಶನದ ದಿನಗಳಲ್ಲಿ ಊರೆಲ್ಲ ಜನ, ಬಸ್ಸುಗಳೆಲ್ಲ ಫುಲ್, ಎಲ್ಲರಿಗೂ ರಜೆ ಬೇಕು. ಆ ದಿನಗಳ ಲಿಸ್ಟನ್ನು ಒಂದು ತಿಂಗಳು ಮುಂಚೆ ಎಲ್ಲರೂ ಕೂತು ಮಾಡುವುದು. ಹೊಸಬರಿಗೆ ಒಂದು ವಾರದ ಬದಲು ಎರಡು ತಿಂಗಳು, ಆ ಅವಧಿಯಲ್ಲಿ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೇಳಿಕೊಡುವ ಹಳಬರಿಗೆ ಸಣ್ಣ ಭತ್ಯೆ.

ಸಾವಿನ ನಂತರ ಒಂದು ನಿಮಿಷ ಎಲ್ಲರೂ ಹಾಸಿಗೆಯ ಸುತ್ತ ಸುಮ್ಮನೆ ನಿಲ್ಲುವುದನ್ನು ತಂದರು. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಶುರು ಮಾಡಿದ ಪದ್ಧತಿ ಇದು. ಇಲ್ಲಿ ಮಕ್ಕಳ ಡಾಕ್ಟರೂ ನಿಲ್ಲುತ್ತಾರೆ, ನೆಲ ಒರೆಸುವ ಆಯಾ ಕೂಡ ನಿಲ್ಲುತ್ತಾರೆ. ಆಮೇಲೆ ಆ ಮಗುವನ್ನು ನೋಡಿಕೊಂಡ ನರ್ಸ್‌ಗೆ ಅರ್ಧ ಗಂಟೆ ಬೇರೆ ಮಗು ಕೊಡುವುದಿಲ್ಲ. ಟೀ ಕುಡಿಯುತ್ತಾರೋ ಅಳುತ್ತಾರೋ ಅವರಿಗೆ ಬಿಟ್ಟದ್ದು.

ಜಗಳ ಆದದ್ದು ಒಂದೇ ವಿಷಯಕ್ಕೆ. ವೆಂಟಿಲೇಟರ್ ಮಗುವಿಗೆ ಒಬ್ಬರು, ಉಳಿದವರಿಗೆ ಇಬ್ಬರಿಗೊಬ್ಬರು ಎಂದು ಲೆಕ್ಕ ಇಟ್ಟು, ಜನ ಇಲ್ಲದಿದ್ದರೆ ಹಾಸಿಗೆ ಮುಚ್ಚುವ ಅಧಿಕಾರ ಇನ್‌ಚಾರ್ಜ್ ಸಿಸ್ಟರ್‌ಗೆ ಇರಬೇಕು ಎಂದು ನಾನು ಬರೆದಿದ್ದೆ. ಆಡಳಿತಕ್ಕೆ ಇದು ಆದಾಯದ ಪ್ರಶ್ನೆ, ಅದು ಗೊತ್ತಿದ್ದದ್ದೇ. ಆದರೆ ಮಕ್ಕಳ ಡಾಕ್ಟರ್ ಎತ್ತಿದ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. "ರಾತ್ರಿ ಸಕಲೇಶಪುರದಿಂದ ಮಗು ಎತ್ಕೊಂಡು ಬಾಗಿಲಿಗೆ ಬಂದ್ರೆ, ಹಾಸಿಗೆ ಖಾಲಿ ಇದೆ ಆದ್ರೆ ನರ್ಸ್ ಇಲ್ಲ ಅಂತ ಹೇಳಿ ಕಳಿಸ್ಲಾ ಸಿಸ್ಟರ್?" ಎಂದು ಅವರು ಸಭೆಯಲ್ಲಿ ಇನ್‌ಚಾರ್ಜ್ ಅವರನ್ನು ಕೇಳಿದರು.

ಇನ್‌ಚಾರ್ಜ್ ಸಿಸ್ಟರ್ ತಣ್ಣಗೆ ಉತ್ತರ ಕೊಟ್ಟರು. "ತಗೊಳ್ಳಿ ಸರ್. ಆದ್ರೆ ಒಳಗಿರೋ ಏಳು ಮಕ್ಕಳಲ್ಲಿ ಯಾವ ಮಗೂನ ಅವತ್ತು ರಾತ್ರಿ ನಾವು ನೋಡಬಾರದು ಅಂತಾನೂ ನೀವೇ ಬರೆದುಕೊಡಿ."

ಡಾಕ್ಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರೂ ಒಳ್ಳೆಯವರೇ, ಎಷ್ಟೋ ರಾತ್ರಿ ಮನೆಗೇ ಹೋಗದೆ ಇದ್ದವರು. ಕೊನೆಗೆ ಒಂದು ನಡುದಾರಿ ಆಯಿತು. ಬಾಗಿಲಿಗೆ ಬಂದ ಮಗುವನ್ನು ಯಾರೂ ಹಾಗೇ ಕಳಿಸುವುದಿಲ್ಲ. ಕ್ಯಾಷುವಾಲಿಟಿಯಲ್ಲೇ ಶಾಕ್ ಸರಿ ಮಾಡಿ, ಉಸಿರಾಟ ಸರಿಯಾಗುವಂತೆ ನೋಡಿಕೊಂಡು, ಬೇರೆ ಆಸ್ಪತ್ರೆಗೆ ಫೋನ್ ಮಾಡಿ ಜಾಗ ಖಚಿತ ಮಾಡಿಕೊಂಡ ಮೇಲೆ ನರ್ಸ್ ಜೊತೆ ಆಂಬುಲೆನ್ಸ್‌ನಲ್ಲಿ ಕಳಿಸುವುದು. ಜಾಗ ಸಿಗದಿದ್ದರೆ ಒಳಗೆ ತಗೊಳ್ಳುವುದು. ಆದರೆ ಆಗ ಕರೆದರೆ ಬರುವ ಒಬ್ಬ ನರ್ಸ್ ಮನೆಯಿಂದ ಬರಬೇಕು, ಅವರಿಗೆ ಹೋಗಿ ಬರಲು ಗಾಡಿ, ಆ ರಾತ್ರಿಗೆ ಎರಡು ಪಟ್ಟು ದುಡ್ಡು. ಈ ಕೊನೆಯ ಷರತ್ತು ಬಂದ ಮೇಲೆ ಆಡಳಿತಕ್ಕೇ ಲೆಕ್ಕ ಅರ್ಥವಾಯಿತು. ಪದೇ ಪದೇ ಎರಡು ಪಟ್ಟು ಕೊಡುವುದಕ್ಕಿಂತ ಮೂವರನ್ನು ಹೊಸದಾಗಿ ತಗೊಳ್ಳುವುದೇ ಅಗ್ಗ. 13 ಹೋಗಿ 16 ಆಯಿತು. ಕ್ಯಾಷುವಾಲಿಟಿಗೆ ಇಲ್ಲಿಂದ ಜನ ಎಳೆಯುವುದೂ ನಿಂತಿತು.

ಆಮೇಲೆ

ಮುಂದಿನ ವರ್ಷ ಇಬ್ಬರು ಬಿಟ್ಟರು. ಒಬ್ಬರಿಗೆ ಸರ್ಕಾರಿ ಕೆಲಸ ಸಿಕ್ಕಿತು, ಒಬ್ಬರು ಜರ್ಮನ್ ಭಾಷೆ ಕಲಿತು ಹೊರಟರು. ಇಬ್ಬರೂ ಎರಡು ತಿಂಗಳು ಮುಂಚೆ ಹೇಳಿ, ತಮ್ಮ ಜಾಗಕ್ಕೆ ಬಂದವರಿಗೆ ಕಲಿಸಿ ಹೋದರು. ಬೇರೆ ಕೆಲಸ ಹುಡುಕುತ್ತಿದ್ದ ಆ ಇಬ್ಬರು ಇನ್ನೂ ಅಲ್ಲೇ ಇದ್ದಾರೆ. ಅರಕಲಗೂಡಿನ ಸಿಸ್ಟರ್ ಅವರಲ್ಲೊಬ್ಬರು. ಡಯಾಲಿಸಿಸ್ ಕೇಂದ್ರಕ್ಕೆ ಹೋದವರು ವಾಪಸ್ ಬರಬಹುದಾ ಎಂದು ಕೇಳಿದ್ದಾರೆ. ಒಂದೇ ವರ್ಷದ ಫಲಿತಾಂಶ ನೋಡಿ ಗೆದ್ದೆವು ಎನ್ನಲು ಆಗುವುದಿಲ್ಲ. 16 ಜನರ ಘಟಕದಲ್ಲಿ ಇಬ್ಬರು ಹೆಚ್ಚುಕಡಿಮೆಯಾದರೂ ಚಿತ್ರ ಬದಲಾಗುತ್ತದೆ. ಡೆಂಗ್ಯೂ ಜೋರಾದ ಕೆಲವು ರಾತ್ರಿ ನಿಯಮ ಮುರಿದೇ ನಡೆಯಿತು. ಆದರೆ ಈಗ ಮುರಿದಾಗ ಡ್ಯೂಟಿ ಪುಸ್ತಕದಲ್ಲಿ ಬರೆಯುತ್ತಾರೆ, ಯಾರು ಒಪ್ಪಿದರು ಎಂದು ಡಾಕ್ಟರ್ ಸಹಿ ಹಾಕುತ್ತಾರೆ.

ಎರಡು ವಿಷಯ ಹಾಗೇ ಉಳಿದಿವೆ. ಒಂದು, ಅನುಭವಕ್ಕೆ ತಕ್ಕ ಸಂಬಳ. ಐದು ವರ್ಷ ಆದವರಿಗೆ ಹೊಸಬರಿಗಿಂತ ಎಷ್ಟು ಜಾಸ್ತಿ ಕೊಡಬೇಕು ಎಂಬ ಮಾತು ಮೂರು ಸಭೆಗಳಿಂದ ಮುಂದಕ್ಕೆ ಹೋಗುತ್ತಿದೆ. ಇನ್ನೊಂದು, ಆಫೀಸಿನ ಬೀರುವಿನಲ್ಲಿರುವ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು. ಹೊಸದಾಗಿ ಸೇರಿದವರಿಂದ ಈಗ ಜೆರಾಕ್ಸ್ ಮಾತ್ರ ತಗೊಳ್ಳುತ್ತಾರೆ. ಹಳಬರದ್ದು ವಾಪಸ್ ಕೊಡಿ ಎಂದು ನರ್ಸ್‌ಗಳೆಲ್ಲ ಸೇರಿ ಸಹಿ ಹಾಕಿದ ಪತ್ರ ಕೊಟ್ಟಿದ್ದಾರೆ. ಮುಂದಿನ ಸಭೆಯ ಪಟ್ಟಿಯಲ್ಲಿ ಅದು ಮೊದಲನೆಯ ವಿಷಯ.